ಗೇಟಿನಾಚೆಯ ಮೊದಲ ಮೂರು ತಿಂಗಳು

2009ರಲ್ಲಿ ಜೈಲಿಗೆ ಹೋಗಿ 2023ರಲ್ಲಿ ಹೊರಗೆ ಬಂದ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳಿ. ಅವರು ಒಳಗೆ ಹೋದಾಗ ಬೆಂಗಳೂರಿನಲ್ಲಿ ಮೆಟ್ರೋ ಓಡ್ತಿರಲಿಲ್ಲ, ಅದು ಶುರುವಾಗಿದ್ದು 2011ರ ಅಕ್ಟೋಬರ್‌ನಲ್ಲಿ. ಮೊದಲ ಆಧಾರ್ ಸಂಖ್ಯೆ ಕೊಟ್ಟಿದ್ದು 2010ರಲ್ಲಿ. ಯುಪಿಐ ಬಂದಿದ್ದು 2016ರಲ್ಲಿ, ಅದೇ ವರ್ಷ ಹಳೆಯ ಐನೂರು, ಸಾವಿರದ ನೋಟುಗಳೂ ಹೋದವು. ಇದನ್ನೆಲ್ಲ ಅವರು ಜೈಲಿನ ಟಿವಿಯಲ್ಲಿ ನೋಡಿರ್ತಾರೆ, ಪೇಪರಿನಲ್ಲಿ ಓದಿರ್ತಾರೆ. ಆದರೆ ಬಳಸಿ ಗೊತ್ತಿರಲ್ಲ.

ನಾನು ಹೇಳ್ತಿರೋದು ನನ್ನ ಸೋದರಮಾವನ ವಿಷಯ. ಜಮೀನಿನ ಜಗಳದಲ್ಲಿ ಒಂದು ಜೀವ ಹೋಯ್ತು, ಅವರಿಗೆ ಜೀವಾವಧಿ ಶಿಕ್ಷೆ ಆಯ್ತು. ಸನ್ನಡತೆಯ ಆಧಾರದ ಮೇಲೆ ಬಿಡುಗಡೆ ಆದರು. ಅವರು ಮಾಡಿದ್ದನ್ನು ಚಿಕ್ಕದು ಮಾಡೋಕೆ ಈ ಲೇಖನ ಬರೀತಿಲ್ಲ. ಆ ಮನೆಯವರು ಈಗಲೂ ಅದೇ ಊರಲ್ಲಿದ್ದಾರೆ. ಮಾವ ಹೊರಗೆ ಬಂದ ದಿನವೇ ಹೇಳಿದ್ದು ಒಂದೇ ಮಾತು: "ನಾನು ಊರಿಗೆ ಬರಲ್ಲ. ಆ ತಾಯಿ ಬೆಳಿಗ್ಗೆ ಎದ್ದು ನನ್ನ ಮುಖ ನೋಡಬಾರದು." ಹಾಗಾಗಿ ಅವರು ಬಂದಿದ್ದು ನಮ್ಮ ಮನೆಗೆ.

ಒಳಗಿನ ಗಡಿಯಾರ

ಮೊದಲ ವಾರ ನಮಗೆ ಅರ್ಥ ಆಗದೇ ಇದ್ದದ್ದು ಅವರ ಮೌನ ಅಲ್ಲ, ಅವರ ಟೈಮಿಂಗು. ಸಂಜೆ ಆರಕ್ಕೆಲ್ಲ ಊಟ. ಯಾಕಂದ್ರೆ ಜೈಲಿನಲ್ಲಿ ಕತ್ತಲಾಗೋ ಮೊದಲೇ ಊಟ ಮುಗಿಸಿ ಬ್ಯಾರಕ್‌ಗೆ ಬೀಗ ಹಾಕ್ತಿದ್ದರು. ರಾತ್ರಿ ದೀಪ ಆರಿಸಿದರೆ ಅವರಿಗೆ ನಿದ್ದೆ ಬರ್ತಿರಲಿಲ್ಲ. ಮುಚ್ಚಿದ ಬಾಗಿಲ ಮುಂದೆ ಸುಮ್ಮನೆ ನಿಂತುಬಿಡ್ತಿದ್ದರು, ಯಾರಾದರೂ ಬಂದು ತೆಗೀತಾರೆ ಅಂತ. ಸ್ನಾನಕ್ಕೆ ಹೋಗೋಕೂ "ಹೋಗ್ಲಾ?" ಅಂತ ಅಮ್ಮನನ್ನು ಕೇಳ್ತಿದ್ದರು. ಅಮ್ಮ ಅವರ ತಂಗಿ, ಹನ್ನೆರಡು ವರ್ಷ ಚಿಕ್ಕವರು!

ಇದಕ್ಕೆ ನಾವು ಮಾಡಿದ್ದು ದೊಡ್ಡದೇನಲ್ಲ. ಅಮ್ಮ ಅವರಿಗೆ ಮನೆಯ ಒಂದು ಬೀಗದ ಕೈ ಕೊಟ್ಟರು. ಬೆಳಿಗ್ಗೆ ಹಾಲು ತರೋದು, ಹೂವು ತರೋದು ಅವರ ಕೆಲಸ ಆಯ್ತು. ಕೇಳಿ ಮಾಡೋದು ನಿಂತು ತಾವೇ ಮಾಡೋದು ಶುರುವಾಗೋಕೆ ಒಂದೂವರೆ ತಿಂಗಳು ಹಿಡೀತು.

ಕಾಗದದ ಸುತ್ತು

ಆಮೇಲೆ ಶುರುವಾಗಿದ್ದು ದಾಖಲೆಗಳ ಕಥೆ. ಆಧಾರ್‌ಗೆ ವಿಳಾಸದ ಪುರಾವೆ ಬೇಕು. ವಿಳಾಸಕ್ಕೆ ಬಾಡಿಗೆ ಕರಾರು ಬೇಕು. ಬಾಡಿಗೆ ಮನೆಯವರು ಮೊದಲು ಕೇಳೋದೇ ಆಧಾರ್. ಬ್ಯಾಂಕ್ ಖಾತೆ ಇಲ್ಲದೆ ಸಂಬಳ ಇಲ್ಲ, ಆಧಾರ್ ಇಲ್ಲದೆ ಖಾತೆ ಕಷ್ಟ, ಮೊಬೈಲ್ ನಂಬರ್ ಇಲ್ಲದೆ ಓಟಿಪಿ ಇಲ್ಲ. ಹೊರಗೆ ಬಂದ ವ್ಯಕ್ತಿಗೆ ತಂಗಿ ಇಲ್ಲದೇ ಹೋಗಿದ್ರೆ, ತಂಗಿಗೊಂದು ವಿಳಾಸ ಇಲ್ಲದೇ ಹೋಗಿದ್ರೆ, ಈ ಸುತ್ತನ್ನು ಎಲ್ಲಿಂದ ಬಿಡಿಸಬೇಕು?

ಕೈದಿಗಳ ಬಗ್ಗೆ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನಿಯಮಗಳಿಗೆ ನೆಲ್ಸನ್ ಮಂಡೇಲಾ ಹೆಸರಿದೆ. ಬಿಡುಗಡೆ ಆಗುವವರಿಗೆ ಸರಿಯಾದ ದಾಖಲೆ, ಹೋಗೋಕೆ ಒಂದು ಮನೆ, ಮಾಡೋಕೆ ಕೆಲಸ, ಉಡೋಕೆ ಬಟ್ಟೆ ಇರುವಂತೆ ನೋಡಿಕೊಳ್ಳಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಬಿಡುಗಡೆಯ ದಿನಕ್ಕೇ ಸಮಾಜದ ಹೊಣೆ ಮುಗಿಯಲ್ಲ ಅಂತಲೂ ಇದೆ. ನಮ್ಮ ದೇಶದ 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲೂ ಬಿಡುಗಡೆ ನಂತರದ ಆರೈಕೆಗೆ ಒಂದು ಅಧ್ಯಾಯವೇ ಇದೆ. ಬರೆದದ್ದಕ್ಕೂ ಜೈಲಿನ ಗೇಟಿಗೂ ನಡುವಿನ ದೂರವನ್ನು ಹೆಚ್ಚಾಗಿ ಮನೆಯವರೇ ನಡೀತಾರೆ.

ಒಂದೇ ಪ್ರಶ್ನೆ, ನಾಲ್ಕು ಉತ್ತರ

ನಾನು ಕೆಲಸ ಮಾಡೋದು ನೇಮಕಾತಿ ವಿಭಾಗದಲ್ಲಿ. ಅರ್ಜಿಯ ಕೊನೆಗೆ ಬರೋ ಆ ಪ್ರಶ್ನೆ ನನಗೆ ಚೆನ್ನಾಗಿ ಗೊತ್ತು: ನಿಮ್ಮ ಮೇಲೆ ಯಾವುದಾದರೂ ಕ್ರಿಮಿನಲ್ ಪ್ರಕರಣ ಇತ್ತಾ? ಹೌದು ಅಥವಾ ಇಲ್ಲ, ಅಷ್ಟೇ. ಆದರೆ ಬಂಧನ ಬೇರೆ, ವಿಚಾರಣೆ ಬಾಕಿ ಇರೋದು ಬೇರೆ, ಖುಲಾಸೆ ಬೇರೆ, ಶಿಕ್ಷೆ ಬೇರೆ. ನಾಲ್ಕನ್ನೂ ಒಂದೇ 'ಹೌದು' ನುಂಗಿಬಿಡುತ್ತೆ.

ಇದು ಸಣ್ಣ ವಿಷಯ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ, 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದ್ರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿರಲಿಲ್ಲ. ಜಾಮೀನು ಸಿಗುವ ಹೊತ್ತಿಗೆ ಕೆಲಸ ಹೋಗಿರುತ್ತೆ, ಬಾಡಿಗೆ ಮನೆ ಹೋಗಿರುತ್ತೆ. ಮುಂದೆ ಖುಲಾಸೆ ಆದರೂ ಹೋದದ್ದು ವಾಪಸ್ ಬರಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಇಲ್ಲಿ ಸ್ವಲ್ಪ ನೆರವಾಗುತ್ತೆ. ಮೊದಲ ಸಲ ಪ್ರಕರಣದಲ್ಲಿ ಸಿಕ್ಕವರು, ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣೆಯಲ್ಲೇ ಕಳೆದಿದ್ದರೆ ಅವರನ್ನು ಬಿಡುಗಡೆ ಮಾಡಬೇಕು. ಮರಣದಂಡನೆ, ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ ಮತ್ತು ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೆ ಇದು ಅನ್ವಯಿಸಲ್ಲ.

ಹಾಗಂತ ಅರ್ಜಿಯಲ್ಲಿ ಮುಚ್ಚಿಡಿ ಅಂತ ಹೇಳ್ತಿಲ್ಲ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸರಳ: ಅಭ್ಯರ್ಥಿ ನಿಜ ಹೇಳಬೇಕು, ನೇಮಿಸುವವರು ಹುದ್ದೆ ಯಾವುದು, ತಪ್ಪು ಎಂಥದ್ದು ಅಂತ ತೂಗಿ ನೋಡಬೇಕು. ಎಳೆ ವಯಸ್ಸಿನ ಸಣ್ಣ ತಪ್ಪನ್ನು ಪಕ್ಕಕ್ಕಿಡಬಹುದು. ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಜೈಲಿಗೆ ಕಳಿಸದೆ ಬಿಟ್ಟವರಿಗೆ, ಶಿಕ್ಷೆಯ ಜೊತೆ ಕಾನೂನಿನಲ್ಲಿ ಬರುವ ಅನರ್ಹತೆ ತಟ್ಟಲ್ಲ. ಬಾಲನ್ಯಾಯ ಕಾಯ್ದೆಯಡಿ ಬಂದ ಮಕ್ಕಳಿಗೂ ಸಾಮಾನ್ಯವಾಗಿ ಹಾಗೇ. ನಮ್ಮಂಥ ಎಚ್‌ಆರ್‌ನವರಲ್ಲಿ ಎಷ್ಟು ಜನ ಇದನ್ನು ಓದಿದ್ದೀವಿ ಹೇಳಿ?

ಇನ್ನೊಂದು ಗೇಟು ನಮ್ಮ ಫೋನಿನಲ್ಲೇ ಇದೆ. ಖುಲಾಸೆಯಾಗಿದ್ದರೂ ಹೆಸರು ಹುಡುಕಿದ ಕೂಡಲೇ ತೀರ್ಪು ಬರ್ತಿದ್ದರಿಂದ ಕೆಲಸ ಸಿಗ್ತಿಲ್ಲ ಅಂತ ಒಬ್ಬರು ದೆಹಲಿ ಹೈಕೋರ್ಟ್‌ಗೆ ಹೋಗಿದ್ದರು. 2021ರಲ್ಲಿ ಕೋರ್ಟ್ ಅದನ್ನು ಹುಡುಕಾಟದ ಫಲಿತಾಂಶದಿಂದ ತೆಗೆಯುವಂತೆ ಮಧ್ಯಂತರ ಆದೇಶ ಕೊಟ್ಟಿತು. ವಕೀಲರನ್ನು ಇಟ್ಟು ಅಲ್ಲಿವರೆಗೆ ಹೋಗೋಕೆ ಎಲ್ಲರಿಗೂ ಆಗುತ್ತಾ?

ಕೆಲಸ ಕೊಟ್ಟವರು

ಮಾವ ಜೈಲಿನ ಬೇಕರಿಯಲ್ಲಿ ಆರು ವರ್ಷ ಕೆಲಸ ಮಾಡಿದ್ದರು. ಬನ್ನು, ಬಿಸ್ಕತ್ತು, ಬ್ರೆಡ್ಡು ಎಲ್ಲ ಬರುತ್ತೆ. ಒಂದು ಬೇಕರಿಯಲ್ಲಿ ಅವರು ಮಾಡಿದ ಖಾರಾ ಬನ್ ತಿಂದು ಮೆಚ್ಚಿದರು. ಸರ್ಟಿಫಿಕೇಟ್ ಮೇಲೆ ಕಾರಾಗೃಹದ ಹೆಸರು ನೋಡಿ "ಆಮೇಲೆ ಫೋನ್ ಮಾಡ್ತೀವಿ" ಅಂದರು. ಇನ್ನೂ ಮಾಡಿಲ್ಲ. ಐದನೇ ಬೇಕರಿಯ ಮಾಲೀಕರು ಬೇರೆ ಥರ ಕೇಳಿದರು: "ಬೆಳಗಿನ ಜಾವ ನಾಲ್ಕಕ್ಕೆ ಬರ್ತೀರಾ?" ಜೈಲಿನಲ್ಲಿ ಅಷ್ಟು ವರ್ಷ ಎದ್ದವರಿಗೆ ನಾಲ್ಕು ಗಂಟೆ ಯಾವ ಲೆಕ್ಕ? ಮಾವ ಈಗಲೂ ಅಲ್ಲೇ ಇದ್ದಾರೆ.

ಇಂಥ ಅವಕಾಶ ಬರೀ ಅದೃಷ್ಟಕ್ಕೆ ಬಿಟ್ಟದ್ದಾಗಬೇಕಿಲ್ಲ. ತೆಲಂಗಾಣದ ಕಾರಾಗೃಹ ಇಲಾಖೆ ಪೆಟ್ರೋಲ್ ಬಂಕ್‌ಗಳನ್ನು ನಡೆಸಿ ಬಿಡುಗಡೆಯಾದವರಿಗೂ ಅಲ್ಲಿ ಕೆಲಸ ಕೊಟ್ಟಿದೆ. ಮುಂಬೈನಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಪ್ರಯಾಸ್' 1990ರಿಂದ ಜೈಲಿನಿಂದ ಬಂದವರ ಜೊತೆ ಕೆಲಸ ಮಾಡ್ತಿದೆ. ಮೈಸೂರಿನ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ 'ಸಂಕಲ್ಪ' ತಂಡದ ಮೂಲಕ ನಮ್ಮ ರಾಜ್ಯದ ಕೈದಿಗಳಿಂದ ನಾಟಕ ಮಾಡಿಸಿ, ಅವರನ್ನು ಹೊರಗಿನ ರಂಗದ ಮೇಲೂ ನಿಲ್ಲಿಸಿದರು. ರಾಜಸ್ಥಾನದ ಸಾಂಗಾನೇರ್ ಬಯಲು ಬಂದೀಖಾನೆಯಲ್ಲಿ ಕೈದಿಗಳು ಕುಟುಂಬದ ಜೊತೆ ಇದ್ದು, ಹೊರಗೆ ದುಡಿದು ಸಂಜೆ ಹಾಜರಿಗೆ ಮರಳ್ತಾರೆ. ಹೊರಗಿನ ಬದುಕಿನ ಅಭ್ಯಾಸ ಒಳಗಿದ್ದಾಗಲೇ ಆಗುತ್ತೆ. ನಮ್ಮ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲೂ ಒಂದು ಬಯಲು ಬಂದೀಖಾನೆ ಇದೆ.

"ಅವರಿಗ್ಯಾಕೆ ಸಹಾಯ?"

ನನ್ನ ಗೆಳತಿಯೊಬ್ಬಳು ಕೇಳಿದ್ದು ಇದನ್ನೇ. "ಸತ್ತವರ ಮನೆಯವರಿಗೆ ಯಾರು ಕೆಲಸ ಕೊಟ್ರು?" ನ್ಯಾಯವಾದ ಪ್ರಶ್ನೆ. 1998ರಲ್ಲಿ ಸುಪ್ರೀಂ ಕೋರ್ಟ್ ಕೈದಿಗಳ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕು ಎಂದಾಗ, ಅದರಲ್ಲೊಂದು ಪಾಲು ಸಂತ್ರಸ್ತರಿಗೆ ಹೋಗುವಂತೆ ರಾಜ್ಯಗಳು ಕಾನೂನು ಮಾಡಬೇಕು ಎಂದೂ ಹೇಳಿತ್ತು. ಎರಡೂ ಒಟ್ಟಿಗೇ ಸಾಗಬೇಕು. ಆದರೆ ಹೊರಗೆ ಬಂದವನು ಬೀದಿಯಲ್ಲಿ ಮಲಗಿದರೆ, ಹಳೆಯ ಸಹವಾಸಕ್ಕೇ ಮರಳಿದರೆ, ಆ ತಾಯಿಗೆ ಸಿಗೋದೇನು? ಇನ್ನೊಂದು ಮನೆ ಹಾಳಾಗುವ ಅಪಾಯ ಅಷ್ಟೇ.

ನಿಮ್ಮ ಬೀದಿಗೋ ಬಂಧುಗಳ ಮನೆಗೋ ಹೀಗೆ ಯಾರಾದರೂ ಬಂದರೆ, "ಏನ್ ಮಾಡಿದ್ರಿ?" ಅಂತ ಕೇಳೋದು ಆಮೇಲೆ ಇಟ್ಟುಕೊಳ್ಳಿ. ಆಧಾರ್ ಕೇಂದ್ರಕ್ಕೆ, ಬ್ಯಾಂಕಿಗೆ ಒಂದು ದಿನ ಜೊತೆಗೆ ಹೋಗಿ. ಓಟಿಪಿಯನ್ನು ಯಾರಿಗೂ ಹೇಳಬಾರದು ಅಂತ ಮೊದಲೇ ಕಲಿಸಿ, ಮೋಸ ಮಾಡೋರಿಗೆ ಇವರು ಸುಲಭದ ತುತ್ತು. ಬಿಡುಗಡೆ ಪತ್ರದ ಮೂರು ಪ್ರತಿ ತೆಗೆಸಿಡಿ. ಪೊಲೀಸ್ ಠಾಣೆಗೆ ಹಾಜರಾಗುವ ಷರತ್ತು ಇದ್ದರೆ ತಾರೀಖನ್ನು ನಿಮ್ಮ ಫೋನಿನಲ್ಲೂ ರಿಮೈಂಡರ್ ಹಾಕಿ. ಕಾನೂನು ಸಲಹೆ ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100. ಕೆಲಸ ಕೊಡೋ ಸ್ಥಾನದಲ್ಲಿ ಇದ್ದರೆ, 'ಹೌದು' ಅನ್ನೋ ಉತ್ತರದ ಪಕ್ಕ ವಿವರಕ್ಕೆ ನಾಲ್ಕು ಸಾಲಿನ ಜಾಗ ಬಿಡಿ. ನಮ್ಮ ಆಫೀಸಿನ ಅರ್ಜಿಯಲ್ಲಿ ಆ ಜಾಗ ಬಿಡಿಸೋಕೆ ನನಗೆ ಮೂರು ಮೀಟಿಂಗ್ ಬೇಕಾಯ್ತು, ಖರ್ಚು ಮಾತ್ರ ಒಂದು ರೂಪಾಯಿಯೂ ಆಗಲಿಲ್ಲ.