ಜರ್ಮನಿಯ ಖಾಲಿ ಮನೆಗೆ ಕುರ್ಚಿ ಕೊಳ್ಳುವ ಲೆಕ್ಕ

ಜರ್ಮನಿಯಲ್ಲಿ ಬಾಡಿಗೆ ಮನೆ ಸಿಕ್ಕಿತು ಎಂದು ಮಕ್ಕಳು ಫೋನ್ ಮಾಡಿದರೆ ಊರಿನಲ್ಲಿರುವವರಿಗೆ ಸಮಾಧಾನ. ಆದರೆ ಇಲ್ಲಿನ ಬಹುತೇಕ ಬಾಡಿಗೆ ಮನೆಗಳು ಖಾಲಿ. ಎಷ್ಟೋ ಕಡೆ ಅಡುಗೆಮನೆಯ ಸಿಂಕ್, ಒಲೆ, ಕಪಾಟುಗಳೂ ಇರುವುದಿಲ್ಲ. ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ಹೀಗಾಗಿ ಕುರ್ಚಿ-ಮೇಜಿನ ಮಾತು ನಮಗೆ ಬರೀ ಶೋಕಿಯಲ್ಲ, ಊರಿಗೆ ಕಳಿಸುವ ಹಣದ ಮಾತೂ ಹೌದು.

ಚೆಂದದ ಕುರ್ಚಿಗಳಿಗೆ ಈ ನಾಡು ಹೆಸರುವಾಸಿ. ರೈನ್ ನದಿ ದಡದ ಬೊಪ್ಪಾರ್ಡ್‌ನಲ್ಲಿ 1796ರಲ್ಲಿ ಹುಟ್ಟಿದ ಮಿಖಾಯೆಲ್ ಥೋನೆಟ್ ಎಂಬ ಬಡಗಿ ಬೀಚ್ ಮರವನ್ನು ಹಬೆಯಲ್ಲಿ ಮೆದುವಾಗಿಸಿ ಬಗ್ಗಿಸುವುದನ್ನು ಕರಗತ ಮಾಡಿಕೊಂಡರು. ಮುಂದೆ ವಿಯೆನ್ನಾಕ್ಕೆ ಹೋದ ಅವರು 1859ರಲ್ಲಿ ತಂದ 14ನೇ ನಂಬರಿನ ಕುರ್ಚಿಗೆ ಆರೇ ಮರದ ಭಾಗ, ಹತ್ತು ಸ್ಕ್ರೂ, ಎರಡು ನಟ್. ಬಿಚ್ಚಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಸಾಗಣೆ ಖರ್ಚು ಇಳಿಯಿತು, ಕುರ್ಚಿ ದೇಶ ದೇಶಗಳ ಕಾಫಿ ಅಂಗಡಿ ಸೇರಿತು.

ಬೌಹೌಸ್ ಕಲಾಶಾಲೆಯ ಮಾರ್ಸೆಲ್ ಬ್ರಾಯರ್ 1925ರಲ್ಲಿ ಇನ್ನೂ ಮುಂದೆ ಹೋದರು. ಸೈಕಲ್ ಹ್ಯಾಂಡಲ್ ನೋಡಿ, ಉಕ್ಕಿನ ಕೊಳವೆ ಬಗ್ಗಿಸಿ ಕುರ್ಚಿ ಮಾಡಿದರು. ಅದು ಇಂದಿಗೂ ಹೊಸದರಂತೆ ಕಾಣುತ್ತದೆ. ಅಸಲಿಗೆ ಬೆಲೆಯೂ ಜಾಸ್ತಿ. ಇಲ್ಲಿ ಹಕ್ಕುಸ್ವಾಮ್ಯ ವಿನ್ಯಾಸಕಾರರು ತೀರಿಕೊಂಡ ಮೇಲೂ 70 ವರ್ಷ ಉಳಿಯುತ್ತದೆ. ಬ್ರಾಯರ್ ತೀರಿಕೊಂಡದ್ದು 1981ರಲ್ಲಿ. ಹಾಗಾಗಿ ಇಂಟರ್ನೆಟ್‌ನಲ್ಲಿ ಅಗ್ಗಕ್ಕೆ ಸಿಗುವ ನಕಲಿಗೆ ಮರುಳಾಗಬೇಡಿ; ಮುಂದೆ ಮಾರಲು ಹೊರಟರೆ ತೊಂದರೆ.

ಲೆಕ್ಕಪತ್ರದ ಕೆಲಸದವರಾದ ನಮಗೆ ಇನ್ನೊಂದು ಅಂಶ ಕಣ್ಣಿಗೆ ಬೀಳುತ್ತದೆ. ಜರ್ಮನಿಯ ತೆರಿಗೆ ಪಟ್ಟಿ ಕಚೇರಿ ಪೀಠೋಪಕರಣಕ್ಕೆ ಕೊಡುವ ಆಯುಷ್ಯ 13 ವರ್ಷ. ಒಳ್ಳೆಯ ಕುರ್ಚಿ ಅದನ್ನು ಮೀರಿ ಬಾಳುತ್ತದೆ, ಮಾರಿದರೆ ಹಣವೂ ಬರುತ್ತದೆ. ಎರಡು ಮೂರು ವರ್ಷದ ಕೆಲಸಕ್ಕೆ ಬಂದವರಿಗೆ ಸೆಕೆಂಡ್ ಹ್ಯಾಂಡ್ ಮಾಲೇ ಜಾಣತನ. ಮನೆ ಬದಲಿಸುವವರು ಕಡಿಮೆ ಬೆಲೆಗೆ ಮಾರುತ್ತಾರೆ. ಕೊಳ್ಳುವ ಮುನ್ನ ಕುರ್ಚಿ ಮಗುಚಿ ತಯಾರಕರ ಗುರುತು ನೋಡಿ, ಕೀಲು ಅಲ್ಲಾಡಿಸಿ, ಬೆತ್ತದ ಹೆಣಿಗೆ ಹರಿದಿದೆಯೇ ಪರೀಕ್ಷಿಸಿ. ಬೆತ್ತ ಹೊಸದಾಗಿ ಹೆಣೆಸುವ ಕೂಲಿ ಇಲ್ಲಿ ದುಬಾರಿ.

ಎಲ್ಲಕ್ಕಿಂತ ಮುಖ್ಯ, ಅಪ್ಪ-ಅಮ್ಮ ಬಂದಾಗ ಎಲ್ಲಿ ಕೂರುತ್ತಾರೆ? ಸಂದರ್ಶಕರ ವೀಸಾದಲ್ಲಿ ಬರುವ ಹಿರಿಯರು 90 ದಿನದವರೆಗೆ ಇರುತ್ತಾರೆ. ಚಳಿಗೆ ಹೊರಗೆ ಹೋಗದೆ ಹೆಚ್ಚು ಹೊತ್ತು ಮನೆಯಲ್ಲೇ. ಫೋಟೊದಲ್ಲಿ ಮಿಂಚುವ ತಗ್ಗು ಆಸನದಿಂದ ಮಂಡಿ ನೋವಿನವರು ಏಳುವುದು ಕಷ್ಟ. ಸುಮಾರು 45 ಸೆಂಟಿಮೀಟರ್ ಎತ್ತರದ, ಕೈ ಊರಲು ತೋಳಿರುವ, ಜಾರದ ಕುರ್ಚಿ ಒಂದಾದರೂ ಇರಲಿ. ಊರಿನವರೂ ಟಿಕೆಟ್ ಮಾಡಿಸುವಾಗ ಸಂಕೋಚಪಡದೆ, ‘ಕೂರಲು ಎತ್ತರದ ಕುರ್ಚಿ ಇದೆಯಾ ಮಗಾ?’ ಎಂದು ಕೇಳಿಬಿಡಿ. ಅದಕ್ಕಾಗಿ ಖರ್ಚಾಗುವ ಯೂರೊಗಳನ್ನು ನಷ್ಟದ ಕಾಲಂಗೆ ಹಾಕಬೇಕಿಲ್ಲ.