ಬಸ್ಸಿನ ಬೋರ್ಡು ಓದುವ ಜನ ಬ್ರೌಸರಿನ ವಿಳಾಸ ಓದಬೇಡವೇ?

ದಾವಣಗೆರೆಯ ಮಂಡಿಪೇಟೆಯಲ್ಲಿ ತಕ್ಕಡಿಯ ಮುಳ್ಳು ನೋಡದೆ ಯಾರೂ ಮೂಟೆ ಎತ್ತಿಸುವುದಿಲ್ಲ. ಐನೂರರ ನೋಟು ಬಂದರೆ ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ, ಆಮೇಲೆ ಗಲ್ಲಾಕ್ಕೆ ಹಾಕುತ್ತಾರೆ. ಗುರುತಿಲ್ಲದ ಗಿರಾಕಿ ಉದ್ರಿ ಕೇಳಿದರೆ ‘ನಾಳೆ ನೋಡೋಣ ಬರ್ರಿ’ ಎಂದು ಸಾಗಹಾಕುತ್ತಾರೆ. ಇಷ್ಟು ಹುಷಾರಿನ ಜನವೇ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಮೊಬೈಲಿನಲ್ಲಿ ಯಾವುದೋ ಪುಟ ತೆರೆದು, ಬ್ಯಾಂಕಿನ ಬಣ್ಣವೂ ಚಿಹ್ನೆಯೂ ಕಂಡವೆಂಬ ಒಂದೇ ಧೈರ್ಯದ ಮೇಲೆ ಖಾತೆಯ ಗುಟ್ಟನ್ನೆಲ್ಲ ಬರೆದು ಕೊಟ್ಟುಬಿಡುತ್ತಾರೆ. ವರ್ಷಗಟ್ಟಲೆ ಕೂಡಿಟ್ಟ ಹಣ ಒಂದು ಚಹ ಕುಡಿಯುವಷ್ಟರಲ್ಲಿ ಮಾಯ!

ಹೀಗೆ ಮೋಸಹೋದವರನ್ನು ದಡ್ಡರೆಂದು ನಗುವುದು ಸುಲಭ. ಆದರೆ ಅವರಿಗೆ ಕಲಿಸಿದವರು ಯಾರು? ಮೊಬೈಲು ಮಾರಿದವನು ಸಿಮ್ ಹಾಕಿ ಕೊಟ್ಟು ಕೈತೊಳೆದುಕೊಂಡ. ಮನೆಯ ಹುಡುಗರು ‘ಕೊಡಪ್ಪಾ ಇಲ್ಲಿ, ನಾನೇ ಮಾಡ್ತೀನಿ’ ಎಂದು ಕಿತ್ತುಕೊಂಡರೇ ಹೊರತು ಕೂರಿಸಿಕೊಂಡು ತೋರಿಸಲಿಲ್ಲ. ಹೀಗಾಗಿ ಐವತ್ತು ದಾಟಿದ ಎಷ್ಟೋ ವ್ಯಾಪಾರಸ್ಥರು ಒಂದೋ ಬ್ರೌಸರನ್ನು ಮುಟ್ಟುವುದಕ್ಕೇ ಹೆದರುತ್ತಾರೆ, ಇಲ್ಲವೇ ಕಣ್ಣುಮುಚ್ಚಿಕೊಂಡು ಒತ್ತುತ್ತಾರೆ. ಎರಡೂ ಅಪಾಯವೇ.

ಬಸ್ಸು ಯಾವುದು, ಊರು ಯಾವುದು?

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಬೇಕು. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಇವೆಲ್ಲ ಬ್ರೌಸರುಗಳು. ಅಂದರೆ ನಮ್ಮನ್ನು ಜಾಲತಾಣಗಳಿಗೆ ಕರೆದೊಯ್ಯುವ ಬಸ್ಸುಗಳು. ಜಾಲತಾಣ ಎಂಬುದು ನಾವು ಹೋಗಿ ಇಳಿಯುವ ಊರು. ಗೂಗಲ್ ಹುಡುಕಾಟ ಎಂಬುದು ಬಸ್‌ಸ್ಟ್ಯಾಂಡಿನ ವಿಚಾರಣಾ ಕೌಂಟರು.

ಮೊಟ್ಟಮೊದಲ ಬ್ರೌಸರನ್ನು 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷ್ ವಿಜ್ಞಾನಿ ತಯಾರಿಸಿದರು. ವಿಜ್ಞಾನಿಗಳು ತಮ್ಮತಮ್ಮಲ್ಲಿ ಕಾಗದಪತ್ರ ಹಂಚಿಕೊಳ್ಳಲು ಮಾಡಿಕೊಂಡ ಏರ್ಪಾಟು ಅದು. ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ ದೊರಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ವಿಜ್ಞಾನಿಗಳು ಹಾಕಿದ ರಸ್ತೆಯಲ್ಲಿ ಇವತ್ತು ಇಡೀ ಪೇಟೆಯೇ ಓಡಾಡುತ್ತಿದೆ. ಪೇಟೆ ಬಂದ ಮೇಲೆ ಜೇಬುಗಳ್ಳರೂ ಬಂದರು.

ವಿಚಾರಣಾ ಕೌಂಟರಿನಲ್ಲೂ ಒಂದು ಸೂಕ್ಷ್ಮವಿದೆ. ಏನನ್ನಾದರೂ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಾಣುವ ಹೆಸರು ಎಷ್ಟೋ ಸಲ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಅದರ ತಲೆಯ ಮೇಲೆ ಚಿಕ್ಕ ಅಕ್ಷರದಲ್ಲಿ ‘ಪ್ರಾಯೋಜಿತ’ ಎಂದಿರುತ್ತದೆ. ಮೊದಲು ಕೂಗಿ ಕರೆದ ಆಟೋದವನೇ ಸರ್ಕಾರಿ ನೌಕರನೆಂದು ಯಾರಾದರೂ ತಿಳಿಯುತ್ತಾರೆಯೇ? ಇಲ್ಲಿಯೂ ಅಷ್ಟೇ.

ಪುಕ್ಕಟೆ ಸಿಗುವುದಕ್ಕೆ ದಕ್ಷಿಣೆ

ಅಂಗಡಿಯವರಿಗೆ ಹತ್ತಿರದ ಉದಾಹರಣೆ ‘ಉದ್ಯಮ್’ ನೋಂದಣಿ. ಸಣ್ಣ ಉದ್ದಿಮೆ, ವ್ಯಾಪಾರ ಮಾಡುವವರಿಗಾಗಿ ಕೇಂದ್ರ ಸರ್ಕಾರ ಇದನ್ನು 2020ರ ಜುಲೈ 1ರಿಂದ ಜಾರಿಗೆ ತಂದಿತು. ಇದಕ್ಕೆ ನಯಾಪೈಸೆ ಶುಲ್ಕವಿಲ್ಲ. ಆದರೆ ಹುಡುಕಿದಾಗ ಕಾಣುವ ಕೆಲವು ಖಾಸಗಿ ಪುಟಗಳು ಸರ್ಕಾರಿ ಪುಟದ ತದ್ರೂಪದಂತೆ ಇರುತ್ತವೆ. ಅದೇ ತ್ರಿವರ್ಣ, ಅಂಥದೇ ಅರ್ಜಿ, ಕೊನೆಯಲ್ಲಿ ಮಾತ್ರ ‘ಇಷ್ಟು ಪಾವತಿಸಿ’. ಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘ನಾವು ಖಾಸಗಿ ಸಲಹೆಗಾರರು’ ಎಂದು ಬರೆದುಕೊಂಡಿರುವವರೂ ಉಂಟು. ಹೋದದ್ದು ದುಡ್ಡಷ್ಟೇ ಅಲ್ಲ. ಆಧಾರ್ ಸಂಖ್ಯೆ, ಪ್ಯಾನ್ ಸಂಖ್ಯೆ ಕೂಡ ಗೊತ್ತಿಲ್ಲದವರ ಕೈಸೇರುತ್ತವೆ.

ವಾಹನದವರೂ ಇಂಥದೊಂದು ಪೇಚನ್ನು ಕಂಡರು. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ಗಾಡಿಗಳಿಗೆ ಹೊಸ ಬಗೆಯ ಸುರಕ್ಷಿತ ನಂಬರ್ ಪ್ಲೇಟು ಹಾಕಿಸಬೇಕೆಂದು ರಾಜ್ಯದ ಸಾರಿಗೆ ಇಲಾಖೆ 2023ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿತು. ಜನ ಗಾಬರಿಯಿಂದ ಮೊಬೈಲು ಹಿಡಿದರು. ಅದರ ಬೆನ್ನಿಗೇ ನಕಲಿ ಬುಕಿಂಗ್ ಪುಟಗಳು ಹುಟ್ಟಿಕೊಂಡವು. ದುಡ್ಡು ಕಟ್ಟಿದ ಮೇಲೆ ಪ್ಲೇಟೂ ಇಲ್ಲ, ಪತ್ತೆಯೂ ಇಲ್ಲ. ಸರ್ಕಾರ ಗಡುವು ಕೊಟ್ಟಾಗಲೆಲ್ಲ ಕಳ್ಳರಿಗೆ ಸುಗ್ಗಿ ಎಂಬುದನ್ನು ನೆನಪಿಡಬೇಕು. ಅವಸರದಲ್ಲಿ ಇರುವವನು ಬೋರ್ಡು ಓದುವುದಿಲ್ಲ.

ಕೊನೆಯ ಊರಿನ ಹೆಸರು ನೋಡಿ

ಹಾಗಾದರೆ ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯುವುದು ಹೇಗೆ? ಪುಟದ ಚಂದ ನೋಡಿ ತಿಳಿಯುವುದಿಲ್ಲ. ಯಾವ ಪುಟವನ್ನಾದರೂ ಯಾರು ಬೇಕಾದರೂ ಹಾಗೇ ನಕಲು ಮಾಡಬಹುದು. ನಕಲು ಮಾಡಲಾಗದ್ದು ಒಂದೇ: ವಿಳಾಸ. ಬ್ರೌಸರಿನ ಮೇಲ್ಗಡೆ, ಕೆಲವು ಫೋನುಗಳಲ್ಲಿ ತಳದಲ್ಲಿ, ಒಂದು ಉದ್ದ ಪಟ್ಟಿ ಇರುತ್ತದೆ. ಅದೇ ವಿಳಾಸದ ಪಟ್ಟಿ. ಫೋನಿನಲ್ಲಿ ವಿಳಾಸ ಅರ್ಧ ಮಾತ್ರ ಕಾಣಬಹುದು. ಅದರ ಮೇಲೆ ಬೆರಳಿಟ್ಟರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ.

ಅದನ್ನು ಓದುವ ಕ್ರಮ ಬಸ್ಸಿನಲ್ಲಿ ಓಡಾಡುವವರಿಗೆ ಹೊಸದೇನಲ್ಲ. ‘ಚಿತ್ರದುರ್ಗ–ಹಿರಿಯೂರು–ತುಮಕೂರು–ಬೆಂಗಳೂರು’ ಎಂದು ಬೋರ್ಡಿದ್ದರೆ ಬಸ್ಸು ಹೋಗಿ ನಿಲ್ಲುವುದು ಎಲ್ಲಿ? ಕೊನೆಯ ಹೆಸರಿನ ಊರಿನಲ್ಲಿ. ವಿಳಾಸವೂ ಹಾಗೆಯೇ. ಮೊದಲಿಗೆ ಬರುವ ಎಚ್‌ಟಿಟಿಪಿಎಸ್ ಮತ್ತು ಅದರ ಜೋಡಿ ಓರೆಗೆರೆಯನ್ನು ಬಿಡಿ. ಅಲ್ಲಿಂದ ಮುಂದಿನ ಮೊದಲ ಓರೆಗೆರೆಯ ತನಕ ಏನಿದೆಯೋ ಅಷ್ಟೇ ಲೆಕ್ಕ. ಅದರ ಕೊನೆಯ ತುದಿಯಲ್ಲಿ ಯಾರ ಹೆಸರಿದೆಯೋ ಅವರೇ ಆ ಪುಟದ ಯಜಮಾನರು.

ಒಂದು ಮಾದರಿ ನೋಡಿ: ‘ನಮ್ಮಬ್ಯಾಂಕ್ ಡಾಟ್ ಕಾಮ್ ಡಾಟ್ ಕೆವೈಸಿಸೇವೆ ಡಾಟ್ ಟಾಪ್’. ಮುಂದುಗಡೆ ಬ್ಯಾಂಕಿನ ಹೆಸರು ಕಂಡು ಮನಸ್ಸು ನಿರಾಳವಾಗುತ್ತದೆ. ಆದರೆ ಬಸ್ಸು ನಿಲ್ಲುವುದು ‘ಕೆವೈಸಿಸೇವೆ ಡಾಟ್ ಟಾಪ್’ ಎಂಬ ಅನಾಮಧೇಯ ಊರಿನಲ್ಲಿ. ಅಲ್ಲಿ ಇಳಿದವನ ಜೇಬು ಖಾಲಿ.

ಎರಡು ತುದಿಗಳನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಒಂದು, ‘ಜಿಓವಿ ಡಾಟ್ ಇನ್’. ಇದನ್ನು ಸರ್ಕಾರಿ ಇಲಾಖೆಗಳಿಗೆ, ಸಂಸ್ಥೆಗಳಿಗೆ ಮಾತ್ರ ಕೊಡುತ್ತಾರೆ. ಉದ್ಯಮ್ ನೋಂದಣಿಯ ಅಸಲಿ ಪುಟ ಇದರಲ್ಲೇ ಮುಗಿಯುತ್ತದೆ. ಇನ್ನೊಂದು, ‘ಬ್ಯಾಂಕ್ ಡಾಟ್ ಇನ್’. ದೇಶದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಈ ತುದಿಯ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು 2025ರ ಏಪ್ರಿಲ್‌ನಲ್ಲಿ ಅಪ್ಪಣೆ ಮಾಡಿತ್ತು. ಬ್ಯಾಂಕುಗಳಿಗಲ್ಲದೆ ಬೇರೆಯವರಿಗೆ ಇದು ಸಿಗುವುದಿಲ್ಲ. ಬ್ಯಾಂಕಿನದೆಂದು ಹೇಳಿಕೊಳ್ಳುವ ಪುಟದಲ್ಲಿ ಈ ತುದಿ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ, ಶಾಖೆಗೆ ಹೋಗಿ ಕೇಳುವುದು ಕ್ಷೇಮ.

ತುದಿಯಲ್ಲೂ ಕೈಚಳಕ ತೋರಿಸುವವರಿದ್ದಾರೆ. ಚುಕ್ಕಿಯ ಜಾಗದಲ್ಲಿ ಅಡ್ಡಗೆರೆ ಇಟ್ಟು ‘ಜಿಓವಿ-ಇನ್ ಡಾಟ್ ಆರ್ಗ್’ ಎನ್ನುತ್ತಾರೆ. ಇಂಗ್ಲಿಷಿನ ‘ಓ’ ಇರುವಲ್ಲಿ ಸೊನ್ನೆ ಕೂರಿಸುತ್ತಾರೆ. ‘ಆರ್’ ಮತ್ತು ‘ಎನ್’ ಅಕ್ಷರಗಳನ್ನು ಅಂಟಿಸಿ ‘ಎಂ’ ಎಂದು ಭ್ರಮೆ ಹುಟ್ಟಿಸುತ್ತಾರೆ. ಆದ್ದರಿಂದ ಎಸ್ಸೆಮ್ಮೆಸ್ಸಿನಲ್ಲೋ ವಾಟ್ಸಾಪಿನಲ್ಲೋ ಬಂದ ಲಿಂಕನ್ನು ಒತ್ತಿ ಬ್ಯಾಂಕಿಗೆ ಹೋಗುವುದೇ ಬೇಡ. ಒಮ್ಮೆ ಶಾಖೆಯಲ್ಲೇ ಕೇಳಿ ಸರಿಯಾದ ವಿಳಾಸ ಬರೆದು, ಬ್ರೌಸರಿನಲ್ಲಿ ‘ಬುಕ್‌ಮಾರ್ಕ್’ ಮಾಡಿಟ್ಟುಕೊಂಡರೆ ಆಮೇಲೆ ದಿನಾ ಅದೇ ಬಾಗಿಲಿನಿಂದ ಹೋಗಬಹುದು.

ಬೀಗವಿದ್ದರೆ ಸಾಲದು

‘ಬೀಗದ ಗುರುತು ಇತ್ತಲ್ರೀ, ಅದ್ಕೇ ನಂಬಿದೆ’ ಎನ್ನುವವರು ಬಹಳ. ಈ ಬೀಗ ಹೇಳುವುದು ಇಷ್ಟೇ: ನೀವು ಬರೆದದ್ದನ್ನು ದಾರಿಯಲ್ಲಿ ಯಾರೂ ಒಡೆದು ಓದಲಾರರು. ಅಂಚೆಯ ಲಕೋಟೆಗೆ ಅರಗಿನ ಮುದ್ರೆ ಒತ್ತಿದ ಹಾಗೆ. ಆದರೆ ಲಕೋಟೆ ಹೋಗುತ್ತಿರುವುದು ಸಾವುಕಾರನ ಮನೆಗೋ ಕಳ್ಳನ ಮನೆಗೋ ಎಂಬುದನ್ನು ಮುದ್ರೆ ಹೇಳುವುದಿಲ್ಲ. ಕಳ್ಳರಿಗೂ ಈ ಬೀಗ ಪುಕ್ಕಟೆಯಾಗಿ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆಂಬ ಕಾರಣಕ್ಕೇ ಕ್ರೋಮ್‌ನವರು 2023ರ ಸೆಪ್ಟೆಂಬರಿನಲ್ಲಿ ವಿಳಾಸದ ಪಕ್ಕದ ಬೀಗದ ಚಿತ್ರವನ್ನೇ ತೆಗೆದು ಬೇರೆ ಗುರುತು ಹಾಕಿದರು.

‘ಇನ್‌ಕಾಗ್ನಿಟೊ’ ಎಂಬ ಕಪ್ಪು ಕಿಟಕಿಯ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಅದರಲ್ಲಿ ನೋಡಿದ್ದರ ಜಾಡು ಆ ಫೋನಿನಲ್ಲಿ ಉಳಿಯುವುದಿಲ್ಲ, ಅಷ್ಟೇ. ಮೋಸದ ಪುಟದಿಂದ ಅದು ಯಾರನ್ನೂ ಕಾಪಾಡುವುದಿಲ್ಲ. ಆದರೆ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಅನಿವಾರ್ಯವಾಗಿ ಖಾತೆ ತೆರೆಯಬೇಕಾದಾಗ ಅದು ಒಳ್ಳೆಯದು. ಎದ್ದು ಬರುವ ಮುಂಚೆ ‘ಲಾಗ್ ಔಟ್’ ಒತ್ತಿ ಕಿಟಕಿ ಮುಚ್ಚುವುದನ್ನು ಮರೆಯಬಾರದು.

ಪಾಸ್‌ವರ್ಡನ್ನು ಬ್ರೌಸರಿನಲ್ಲೇ ಉಳಿಸಿಡುವುದರಿಂದ ಒಂದು ದೊಡ್ಡ ಉಪಕಾರವಿದೆ. ಫೋನಿಗೆ ಗಟ್ಟಿ ಲಾಕ್ ಇರಬೇಕು, ಅದು ಬೇರೆ ಮಾತು. ಉಳಿಸಿಟ್ಟ ಪಾಸ್‌ವರ್ಡನ್ನು ಬ್ರೌಸರು ಅದೇ ವಿಳಾಸ ಬಂದಾಗ ಮಾತ್ರ ತಾನಾಗಿ ತಂದುಕೊಡುತ್ತದೆ. ನಮ್ಮ ಕಣ್ಣು ಬಣ್ಣಕ್ಕೆ ಮರುಳಾದರೂ ಅದು ಮರುಳಾಗುವುದಿಲ್ಲ. ದಿನಾ ತುಂಬಿಕೊಡುತ್ತಿದ್ದದ್ದು ಇವತ್ತು ಸುಮ್ಮನಿದ್ದರೆ, ಕೈಯಿಂದ ಬರೆಯಲು ಹೊರಡುವ ಮುಂಚೆ ವಿಳಾಸವನ್ನು ಇನ್ನೊಮ್ಮೆ ಓದಿ.

‘ನೋಟಿಫಿಕೇಶನ್ ಕಳಿಸಲೇ?’ ಎಂದು ಅಪರಿಚಿತ ಪುಟ ಕೇಳಿದರೆ ‘ಬೇಡ’ ಎನ್ನಿ. ‘ಸರಿ’ ಎಂದವರಿಗೆ ಮರುದಿನದಿಂದ ‘ನಿಮ್ಮ ಫೋನಿಗೆ ವೈರಸ್ ಬಂದಿದೆ’ ಎಂಬ ಸುಳ್ಳು ಗಾಬರಿ ಶುರುವಾಗಬಹುದು. ಪುಟದೊಳಗಿಂದ ‘ಎಪಿಕೆ’ ಎಂಬ ಬಾಲವಿರುವ ಕಡತ ಇಳಿಯಿತೆಂದರೆ ಅದು ಒಂದು ಆ್ಯಪ್. ಮದುವೆ ಕಾರ್ಡಿನ ಹೆಸರಿನಲ್ಲಿ ಬರಲಿ, ಬ್ಯಾಂಕಿನ ಹೆಸರಿನಲ್ಲಿ ಬರಲಿ, ತೆರೆಯಬಾರದು. ‘ನಿಮ್ಮ ಬ್ರೌಸರು ಹಳತಾಗಿದೆ, ಇಲ್ಲಿ ಒತ್ತಿ’ ಎಂದು ಯಾವುದಾದರೂ ಪುಟ ಹೇಳಿದರೂ ಒತ್ತಬಾರದು. ಹೊಸದು ಮಾಡುವುದಿದ್ದರೆ ಫೋನಿನ ಪ್ಲೇ ಸ್ಟೋರಿನಿಂದಲೇ ಮಾಡಬೇಕು. ಹಾಗೆಂದು ಹಳೆಯದನ್ನೇ ಇಟ್ಟುಕೊಳ್ಳುವುದೂ ಸಲ್ಲ. ಕಂಡುಬಂದ ಬಿರುಕುಗಳಿಗೆ ಹೊಸ ಆವೃತ್ತಿಯಲ್ಲಿ ತೇಪೆ ಹಾಕಿರುತ್ತಾರೆ.

ಹೋದ ಮೇಲೆ ಏನು?

ಇಷ್ಟಾಗಿಯೂ ಕೈತಪ್ಪಿ ಹಣ ಹೋಯಿತೆಂದರೆ ನಾಚಿಕೊಂಡು ಕೂರುವ ಕಾಲವಲ್ಲ. ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಇದು ಇಡೀ ದೇಶಕ್ಕೆ ಒಂದೇ ಸಹಾಯವಾಣಿ. ಹಣ ಕಳ್ಳರ ಖಾತೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತ ಹೋಗುತ್ತದೆ. ಅದು ಹೊರಗೆ ಹೋಗುವ ಮುಂಚೆ ತಡೆಹಿಡಿಯುವುದೇ ಈ ಏರ್ಪಾಟಿನ ಉದ್ದೇಶ. ಮೊದಲ ಒಂದು ಗಂಟೆ ಬಂಗಾರಕ್ಕೆ ಸಮ. ಜೊತೆಗೇ ಬ್ಯಾಂಕಿಗೆ ತಿಳಿಸಿ ಖಾತೆಗೆ ತಡೆ ಹಾಕಿಸಬೇಕು. ‘ಸೈಬರ್‌ಕ್ರೈಮ್ ಡಾಟ್ ಜಿಓವಿ ಡಾಟ್ ಇನ್’ ವಿಳಾಸದಲ್ಲೂ ಜಿಲ್ಲೆಯ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಬಂದ ಮೆಸೇಜು, ಪುಟದ ಚಿತ್ರ ಯಾವುದನ್ನೂ ಅಳಿಸಬಾರದು. ಅವೇ ಸಾಕ್ಷಿ.

ತಡಮಾಡಿದಷ್ಟೂ ನಷ್ಟ ಯಾಕೆಂಬುದಕ್ಕೆ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯನ್ನೇ ನೋಡಬಹುದು. ಗಿರಾಕಿ ತಾನಾಗಿ ಗುಟ್ಟು ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ಅವನ ತಲೆಗೆ, ತಿಳಿಸಿದ ಮೇಲೆ ಆದದ್ದು ಬ್ಯಾಂಕಿನ ತಲೆಗೆ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿತ್ತು. ‘ಮನೇಲಿ ಬೈತಾರೆ, ನಾಳೆ ನೋಡೋಣ’ ಎಂದವನಿಗೆ ಆ ನಾಳೆ ದುಬಾರಿ.

ಬ್ಯಾಂಕುಗಳೂ ಸ್ವಲ್ಪ ಕೈಜೋಡಿಸಲಿ

ಎಲ್ಲ ಹೊಣೆಯನ್ನೂ ಗಿರಾಕಿಯ ತಲೆಗೇ ಕಟ್ಟುವುದು ನ್ಯಾಯವಲ್ಲ. ನಮ್ಮ ಕೆಲಸಕ್ಕೆ ಬೇಕಾದ ವಿಳಾಸಗಳೆಲ್ಲ ಹೆಚ್ಚುಕಡಿಮೆ ಇಂಗ್ಲಿಷ್ ಅಕ್ಷರದಲ್ಲೇ ಇವೆ. ಕನ್ನಡ ಮಾತ್ರ ಓದಬಲ್ಲ ತರಕಾರಿ ವ್ಯಾಪಾರಿ, ಹರಿಹರದಿಂದ ದಿನಾ ಬಸ್ಸಿನಲ್ಲಿ ಬಂದು ಹೂವು ಮಾರುವ ಹೆಂಗಸು, ಇವರು ಚುಕ್ಕಿ ಯಾವುದು, ಗೆರೆ ಯಾವುದು ಎಂದು ಯಾರನ್ನು ಕೇಳಬೇಕು? ಖಾತೆ ತೆರೆಸಿ ಮೊಬೈಲು ಬ್ಯಾಂಕಿಂಗ್ ಹಚ್ಚಿಕೊಟ್ಟ ಶಾಖೆಯವರು ತಮ್ಮ ಅಸಲಿ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ, ಕೆಳಗೆ ಕನ್ನಡದ ಉಚ್ಚಾರಣೆಯೊಂದಿಗೆ, ಕೌಂಟರಿನ ಮೇಲೆ ತೂಗುಹಾಕಲಿ. ಪಾಸ್‌ಬುಕ್ಕಿನ ಮೇಲೂ ಅಚ್ಚುಹಾಕಿಸಲಿ. ಇದಕ್ಕೆ ಹೆಚ್ಚಿನ ಖರ್ಚೇನೂ ಬೀಳದು. ವರ್ತಕರ ಸಂಘಗಳು ತಿಂಗಳಿಗೊಂದು ಸಂಜೆ ಹುಡುಗರನ್ನು ಕರೆಸಿ ಹಿರಿಯರಿಗೆ ಕಲಿಸಿದರೆ ಇನ್ನೂ ಒಳ್ಳೆಯದು.

ಅಲ್ಲಿಯತನಕ ಮನೆಯ ಮಕ್ಕಳು ಇಷ್ಟು ಮಾಡಲಿ: ಅಪ್ಪನ ಕೈಯಿಂದ ಫೋನು ಕಿತ್ತುಕೊಳ್ಳದೆ, ಪಕ್ಕದಲ್ಲಿ ಕೂತು, ವಿಳಾಸದ ಕೊನೆಯ ತುದಿಯನ್ನು ಅವರಿಂದಲೇ ಹತ್ತು ಸಲ ಓದಿಸಲಿ. ತೂಕ ನೋಡಿ, ನೋಟು ನೋಡಿ, ಮುಖ ನೋಡಿ ಮನುಷ್ಯರನ್ನು ಅಳೆಯಬಲ್ಲವರಿಗೆ ಇದೊಂದು ವಿದ್ಯೆ ಹತ್ತುವುದು ಕಷ್ಟವೇನಲ್ಲ.