ಎರಡು ಗುಡಿಬಂಡೆ, ಒಂದು ಸೊನ್ನೆ

ಗುಡಿಬಂಡೆ ಎಂಬ ಊರು ಒಂದಲ್ಲ, ಎರಡು. ಒಂದು ಕರ್ನಾಟಕದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಇನ್ನೊಂದು ಆಂಧ್ರಪ್ರದೇಶದ ಮಡಕಶಿರದ ಮಗ್ಗುಲಲ್ಲಿ. ನಡುವೆ ಹಿಂದೂಪುರ. ಎರಡೂ ಕಲ್ಲುಗುಡ್ಡಗಳ ಬಯಲುಸೀಮೆಯ ಊರುಗಳೇ. ತಮಾಷೆ ಇರುವುದು ಬೇರೆ ಕಡೆ. ಕರ್ನಾಟಕದ ಗುಡಿಬಂಡೆಯಲ್ಲಿ ಮನೆಯೊಳಗೆ ತೆಲುಗು ಮಾತಾಡುವವರು ಧಾರಾಳ. ಆಂಧ್ರದ ಗುಡಿಬಂಡೆಯಲ್ಲಿ ಮನೆಯೊಳಗೆ ಕನ್ನಡ ಮಾತಾಡುವವರು ಧಾರಾಳ. ಮದುವೆ ಚಪ್ಪರದ ಹೊರಗೆ ಚಪ್ಪಲಿ ಅದಲುಬದಲಾದಂತೆ, ಗಡಿ ಗೆರೆ ಎಳೆದವರ ಕೈಯಲ್ಲಿ ಎರಡು ಗುಡಿಬಂಡೆಗಳು ಅದಲುಬದಲಾದವೋ ಏನೋ ಎಂದು ಅನುಮಾನ ಬರುತ್ತದೆ.

ಕರ್ನಾಟಕದ ಗುಡಿಬಂಡೆ ಸ್ವಲ್ಪ ಹೆಸರುವಾಸಿ. ಅಲ್ಲಿ ಬೆಟ್ಟದ ಮೇಲೆ ಏಳು ಸುತ್ತಿನ ಕೋಟೆಯುಂಟು. ಬೈರೇಗೌಡನೆಂಬ ಪಾಳೆಯಗಾರ ಕಟ್ಟಿಸಿದ್ದೆಂದು ಪ್ರತೀತಿ. ಬಂಡೆಯ ಮೇಲೆ ಮಳೆನೀರು ಹಿಡಿಯುವ ಹತ್ತೊಂಬತ್ತು ಹೊಂಡಗಳಿವೆ. ಮೇಲಿಂದ ನೋಡಿದರೆ ಬೈರಸಾಗರ ಕೆರೆ ಭಾರತದ ನಕ್ಷೆಯಂತೆ ಕಾಣುತ್ತದೆಂದು ಜನ ಹತ್ತಿ ಹೋಗುವುದುಂಟು. ಆಂಧ್ರದ ಗುಡಿಬಂಡೆಗೆ ಇಂಥ ಜಾಹೀರಾತು ಇಲ್ಲ. ನೆಲಗಡಲೆ ಬಿತ್ತಿ ಮೋಡ ನೋಡುವ ಊರು ಅದು. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಹೊಯ್ದರೆ, ಆ ಸೀಮೆಗೆ ಸುಮಾರು ಐನೂರೈವತ್ತು ಬಿದ್ದರೆ ಅದೇ ಹಬ್ಬ.

ಆದರೆ ವಿಳಾಸ ಬದಲಾಯಿಸುವುದರಲ್ಲಿ ಆ ಬಡ ಊರನ್ನು ಮೀರಿಸುವವರಿಲ್ಲ. ಮೊದಲು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾದಾಗ ಮಡಕಶಿರ ತಾಲೂಕು ಅದರ ಪಾಲಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ಆಂಧ್ರಕ್ಕೆ ಹೋಯಿತು, ಮಡಕಶಿರ ಇದ್ದಲ್ಲೇ ಉಳಿಯಿತು. 1985ರಲ್ಲಿ ತಾಲೂಕು ಹೋಗಿ ಮಂಡಲ ಬಂತು. 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಕುಳಿತಲ್ಲಿಂದ ಒಂದು ಅಂಗುಲವೂ ಅಲುಗದೆ ಇಷ್ಟು ಪ್ರಯಾಣ ಮಾಡಿದ ಬಂಡೆಯನ್ನು ನೀವು ಬೇರೆಲ್ಲಿ ಕಂಡಿದ್ದೀರಿ? ನಮ್ಮ ಕಾಸರಗೋಡೂ 1956ರ ನವೆಂಬರ್ 1ರಂದು ಹೀಗೆಯೇ, ಗಂಟುಮೂಟೆ ಕಟ್ಟದೆಯೇ, ಇನ್ನೊಂದು ರಾಜ್ಯಕ್ಕೆ ಹೋಗಿ ಇಳಿಯಿತು ಎಂಬುದನ್ನು ಮರೆಯುವಂತಿಲ್ಲ.

ಇನ್ನು ಹೆಸರಿನ ಸಂಗತಿ. ಗುಡಿ ಎಂದರೆ ದೇವಸ್ಥಾನ, ಬಂಡೆ ಎಂದರೆ ಹೆಬ್ಬಂಡೆ. ಕನ್ನಡದಲ್ಲಿ ಅರ್ಥ ನೀರಿನಷ್ಟು ತಿಳಿ. ತೆಲುಗಿನಲ್ಲೂ ಗುಡಿ ಎಂದರೆ ಗುಡಿಯೇ. ಬಂಡೆ ಮಾತ್ರ ಅಲ್ಲಿ ‘ಬಂಡ’. ಆದ್ದರಿಂದ ಆಂಧ್ರದ ಫಲಕದಲ್ಲಿ ಊರು ‘ಗುಡಿಬಂಡ’. ಒಂದು ಎತ್ವ ಹೋಯಿತು, ಅಷ್ಟೆ. ಅಷ್ಟೆಯೇ? ಕನ್ನಡದ ಕಿವಿಗೆ ಬಂಡ ಎಂದರೆ ನಾಚಿಕೆ ಬಿಟ್ಟ ಭಂಡನೇ ನೆನಪಾಗುವುದು! ಇಂಗ್ಲಿಷಿನಲ್ಲಿ ಬರೆದರೆ ಇನ್ನೂ ಅನರ್ಥ. ಆ ಲಿಪಿಗೆ ‘ದ’ಕಾರ ‘ಡ’ಕಾರಗಳ ಭೇದವಿಲ್ಲ. ಓದಿದವರು ‘ಗುಡಿ ಬಂದ’ ಎನ್ನಬಹುದು, ‘ಗುಡಿ ಬಂದೆ’ ಎನ್ನಲೂಬಹುದು. ಯಾರು ಬಂದದ್ದು, ಯಾವ ಗುಡಿಗೆ, ಹಣ್ಣುಕಾಯಿ ತಂದರೋ ಇಲ್ಲವೋ ಎಂದು ಅಂಚೆಯವರು ಕೇಳಿದರೆ ತಪ್ಪು ಹೇಳುವಂತಿಲ್ಲ.

ಗುಡಿಬಂಡೆಯ ಪುಣ್ಯವೆಂದರೆ ಅದಕ್ಕೆ ಸೊನ್ನೆ ಅಂಟಲಿಲ್ಲ. ನೆರೆಯ ಅಮರಾಪುರ ತೆಲುಗಿನಲ್ಲಿ ಅಮರಾಪುರಂ ಆಗಿದೆ, ಹಿಂದೂಪುರ ಹಿಂದೂಪುರಂ ಆಗಿದೆ. ಇದನ್ನು ಓದುವಾಗ ನಮ್ಮವರಿಗೆ ಮನೆಯ ಸುದ್ದಿ ಓದಿದಂತಾಗುತ್ತದೆ. ಮಂಜೇಶ್ವರ ಮಂಜೇಶ್ವರಂ ಆದದ್ದು ಹಳೆಯ ಕಥೆ. 2021ರ ಜೂನ್ ತಿಂಗಳಲ್ಲಿ ಎದ್ದ ಗದ್ದಲ ನೆನಪಿರಬಹುದು: ಮಧೂರು ಮಧುರಂ ಆಗುತ್ತದೆ, ಮಲ್ಲ ಮಲ್ಲಂ ಆಗುತ್ತದೆ, ಬೇಡಡ್ಕ ಬೇಡಗಂ ಆಗುತ್ತದೆ ಎಂದು ದೂರುಗಳು ಬಂದವು. ಕರ್ನಾಟಕದ ನಾಯಕರು ಆಕ್ಷೇಪವೆತ್ತಿದರು. ಅಂಥ ತೀರ್ಮಾನವೇ ಇಲ್ಲವೆಂದು ಇಲ್ಲಿನ ಅಧಿಕಾರಿಗಳು ಹೇಳಿದರು. ಪೂರ್ವದಲ್ಲಿ ತೆಲುಗಿನ ಸೊನ್ನೆ, ಪಶ್ಚಿಮದಲ್ಲಿ ಮಲಯಾಳದ ಸೊನ್ನೆ. ಗಡಿನಾಡ ಕನ್ನಡಿಗನಿಗೆ ಎರಡೂ ಕಡೆ ಸಿಕ್ಕಿದ್ದು ಸೊನ್ನೆಯೇ ಎಂದು ಯಾರಾದರೂ ನಕ್ಕರೆ ನಾವೂ ನಗಬೇಕಷ್ಟೆ.

ಆಗ ಕೇಳಿಬಂದ ಹೆಸರುಗಳಲ್ಲಿ ಪಿಲಿಕುಂಜೆಯೂ ಒಂದು; ಅದು ಪುಲಿಕುನ್ನು ಆಗುತ್ತದೆಂದು ದೂರು. ತುಳುವಿನ ಪಿಲಿ ಹುಲಿ. ಮಲಯಾಳದವರು ಪುಲಿ ಎನ್ನುವುದು ಹೆಚ್ಚಾಗಿ ಚಿರತೆಗೆ. ಹೆಸರು ಬದಲಾಗುವ ರಭಸಕ್ಕೆ ಹುಲಿಯೂ ಗಾತ್ರದಲ್ಲಿ ಇಳಿದುಹೋಯಿತು!

ನ್ಯಾಯ ಹೇಳುವುದಾದರೆ ನಾವೂ ಸಾಚಾ ಅಲ್ಲ. ತಿರುವನಂತಪುರಂನ ಸೊನ್ನೆಯನ್ನು ನಾವು ಕೇಳದೆ ಕಿತ್ತಿದ್ದೇವೆ. ಪಯ್ಯನ್ನೂರ್‌ಗೆ ಕೊಂಬು ಕೊಟ್ಟು ಪಯ್ಯನ್ನೂರು ಮಾಡಿದ್ದೇವೆ. ಗುಡಿಬಂಡೆಯ ನೆರೆಯ ಬಾಗೇಪಲ್ಲಿಗೆ ಭಾಗ್ಯನಗರವೆಂದು ಹೆಸರಿಡಲು ಕರ್ನಾಟಕದ ಸಂಪುಟ 2025ರ ಜುಲೈಯಲ್ಲಿ ಒಪ್ಪಿತು. ಪಲ್ಲಿ ಎಂಬ ತೆಲುಗು ಬಾಲಕ್ಕೆ ಅಲ್ಲಿ ಕತ್ತರಿ. ಮಂಗಳೂರನ್ನೇ ನೋಡಿ. ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರಂ. ಯಾವ ಹೆಸರು ಹೇಳಿ ಹತ್ತಿದರೂ ಬಸ್ಸು ಅಲ್ಲಿಗೇ ಮುಟ್ಟುತ್ತದೆ. ನಾಲಗೆ ತನಗೆ ಹಿತವಾದಂತೆ ಹೊರಳಿದರೆ ಅದು ಅಪರಾಧವಲ್ಲ.

ಹಾಗಾದರೆ ತಕರಾರು ಎಲ್ಲಿಯದು? ನಾಲಗೆಯದಲ್ಲ, ಶಾಯಿಯದು. ಈ ಪಾಠವನ್ನು ದೂರದ ಐರ್ಲೆಂಡಿನಿಂದ ಕಲಿಯಬಹುದು. ಅಲ್ಲಿನ ಕೆರ್ರಿ ಸೀಮೆಯಲ್ಲಿ ಡಿಂಗಲ್ ಎಂಬ ಪುಟ್ಟ ಕಡಲೂರು ಉಂಟು. ಐರಿಷ್ ನುಡಿಯನ್ನು ಉಳಿಸಲೆಂದು ಸರಕಾರ 2005ರಲ್ಲಿ, ಇನ್ನು ಮುಂದೆ ಇದರ ಹೆಸರು ‘ಅನ್ ಡಾಂಗನ್’ ಮಾತ್ರ ಎಂದು ಅಪ್ಪಣೆ ಮಾಡಿತು. ಡಾಂಗನ್ ಎಂದರೆ ಕೋಟೆ, ನಮ್ಮ ದುರ್ಗವಿದ್ದಂತೆ. ಉದ್ದೇಶವೇನೋ ಒಳ್ಳೆಯದೇ. ಆದರೆ ಡಿಂಗಲ್ ಹೆಸರು ಹಿಡಿದು ಬರುವ ಪ್ರವಾಸಿಗಳು ದಾರಿ ತಪ್ಪಿಯಾರೆಂದು ಊರವರಿಗೆ ದಿಗಿಲು. ಮೇಲಾಗಿ ಆಫಲಿ ಎಂಬ ಇನ್ನೊಂದು ಸೀಮೆಯಲ್ಲಿ ಡಾಂಗನ್ ಎಂಬ ಊರು ಮೊದಲೇ ಇತ್ತು. ಅವರದೂ ಎರಡು ಗುಡಿಬಂಡೆಯ ಕಥೆಯೇ! 2006ರಲ್ಲಿ ಊರವರ ಮತ ಕೇಳಿದಾಗ 1,005 ಮಂದಿ ಎರಡು ಭಾಷೆಯ ಹೆಸರೂ ಇರಲಿ ಎಂದರು, ಬೇಡವೆಂದವರು 70. 2011ರಲ್ಲಿ ಕಾನೂನೇ ತಿದ್ದಲ್ಪಟ್ಟು ಡಿಂಗಲ್‌ಗೆ ಮರುಜೀವ ಬಂತು, ಐರಿಷ್ ಹೆಸರೂ ಉಳಿಯಿತು. ಯಾವ ಭಾಷೆ ಗೆದ್ದಿತು ಎಂಬುದಲ್ಲ ಮುಖ್ಯ. ಊರವರನ್ನು ಕೇಳದೆ ಫಲಕ ಬರೆದರೆ ಫಲಕ ನಿಲ್ಲುವುದಿಲ್ಲ ಎಂಬುದು ಮುಖ್ಯ.

ಫಲಕ ಬಿಡಿ, ಕಾಗದಪತ್ರದ ಪಾಡು ನೋಡಿ. ಅಜ್ಜನ ಜಾಗದ ದಾಖಲೆಯಲ್ಲಿ ಊರಿಗೆ ಒಂದು ಹೆಸರು, ಮೊಮ್ಮಗಳ ಜನನಪತ್ರದಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮೂರನೆಯದು ಇದ್ದರೆ ಏನಾದೀತು? ಭಾಷಾ ಅಲ್ಪಸಂಖ್ಯಾತಳೆಂದು ಒಂದು ಸೀಟಿಗೆ ಅರ್ಜಿ ಹಾಕುವ ಹುಡುಗಿ, ತನ್ನ ಊರು ತನ್ನದೇ ಎಂದು ಮೊದಲು ರುಜುಮಾಡಬೇಕು. ಒಬ್ಬ ಮನುಷ್ಯನಿಗೆ ಎರಡು ಹೆಸರಿದ್ದರೆ ವಿಲೇಜ್ ಆಫೀಸಿನವರು ‘ಒನ್ ಆಂಡ್ ದಿ ಸೇಮ್’ ಸರ್ಟಿಫಿಕೇಟು ಕೊಡುತ್ತಾರೆ. ಇಬ್ಬರೂ ಒಬ್ಬನೇ ಎಂದು ಅದರ ತಾತ್ಪರ್ಯ. ಊರಿಗೆ ಅಂಥದೊಂದು ಸರ್ಟಿಫಿಕೇಟು ಬೇಕಾದರೆ ಊರು ಯಾವ ಸಾಲಿನಲ್ಲಿ ನಿಲ್ಲಬೇಕು, ಯಾರ ಮುಂದೆ ಕೈಕಟ್ಟಬೇಕು?

ಗುಡಿಬಂಡೆಯವರಿಗೆ ಒಂದು ಅನುಕೂಲವುಂಟು. ತೆಲುಗು ಲಿಪಿಯೂ ಕನ್ನಡ ಲಿಪಿಯೂ ಒಂದೇ ತಾಯಿಯ ಮಕ್ಕಳು. ತಲೆಕಟ್ಟು ಸ್ವಲ್ಪ ಬೇರೆ, ಮೋರೆ ಒಂದೇ. ಕನ್ನಡ ಶಾಲೆಯ ಮಗು ಅಲ್ಲಿಯ ಬಸ್ಸಿನ ಫಲಕವನ್ನು ತಡವರಿಸಿಯಾದರೂ ಓದೀತು. ನಮ್ಮ ಮಕ್ಕಳಿಗೆ ಆ ಭಾಗ್ಯವಿಲ್ಲ. ಮಲಯಾಳ ಲಿಪಿಯ ಜಾತಕವೇ ಬೇರೆ. ಮಲಯಾಳವನ್ನು ನಮ್ಮ ಮಕ್ಕಳು ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಆದರೆ ತನ್ನ ಊರಿನ ಹೆಸರನ್ನು ತನ್ನ ಲಿಪಿಯಲ್ಲಿ ಓದಲು ಅದರ ಪರೀಕ್ಷೆ ಪಾಸಾಗಬೇಕೆಂದರೆ ಅದು ಹೆಚ್ಚಾಯಿತು.

ಆದಕಾರಣ ಮನೆಮನೆಯಲ್ಲಿ ಒಂದು ಸಣ್ಣ ಕೆಲಸ ಮಾಡೋಣ. ರೇಷನ್ ಕಾರ್ಡು, ಜಾಗದ ದಾಖಲೆ, ಮಕ್ಕಳ ಜನನಪತ್ರ ಒಟ್ಟಿಗೆ ಇಟ್ಟು, ಊರಿನ ಹೆಸರು ಒಂದೇ ರೀತಿ ಇದೆಯೇ ಎಂದು ನೋಡೋಣ. ಇಲ್ಲವಾದರೆ ಮಗು ಹತ್ತನೆಯ ತರಗತಿಗೆ ಬರುವ ಮೊದಲೇ ತಿದ್ದಿಸೋಣ. ಅರ್ಜಿಯಲ್ಲಿ ನಮ್ಮ ಊರನ್ನು ನಮ್ಮ ಹೆಸರಿನಿಂದ ಬರೆದು, ಪಕ್ಕದಲ್ಲಿ ಅವರ ಹೆಸರನ್ನೂ ಬರೆಯೋಣ. ಸೊನ್ನೆಯ ಮೇಲೆ ನಮಗೆ ಹಗೆಯಿಲ್ಲ. ಒಂದನೆಯ ತರಗತಿಯ ಮಗುವಿಗೂ ಗೊತ್ತು: ಸೊನ್ನೆ ಒಂಟಿಯಾಗಿ ನಿಂತರೆ ಬೆಲೆಯಿಲ್ಲ, ಮುಂದೆ ಒಂದು ಅಂಕಿ ಇದ್ದರೆ ಅದಕ್ಕೂ ಬೆಲೆ, ಅಂಕಿಗೂ ಬೆಲೆ.